ದೊಡ್ಡಮ್ಮ, ನೀವು ಕೇಳಿದ್ದಕ್ಕೆ ಉತ್ತರ

ದೊಡ್ಡಮ್ಮ, ನಿಮ್ಮ ಸಂದೇಶವನ್ನು ಎರಡು ಸಲ ಕೇಳಿದೆ. ಮಾವನವರ ಕಾರ್ಯ ಹೇಗೆ ನಡೆಯಿತು, ಅಲ್ಲಿನವರಲ್ಲಿ ಎಡೆ ಇಡುವುದುಂಟೇ ಎಂದು ಕೇಳಿದ್ದೀರಿ. ಉಂಟು. ಇಲ್ಲಿ, ಫಿಲಿಪೀನ್ಸ್‌ನ ಈ ಊರಿನಲ್ಲಿ, ಅದನ್ನು ಅತಂಗ್ ಎನ್ನುತ್ತಾರೆ. ಅನ್ನ, ಅಂಟಕ್ಕಿಯ ಸಿಹಿ, ಒಂದು ಲೋಟ ಬಾಸಿ ಎಂಬ ಕಬ್ಬಿನ ಮದ್ಯ, ಜೊತೆಗೆ ವೀಳ್ಯದೆಲೆ, ಅಡಿಕೆ. ಹೌದು, ಅಡಿಕೆಯೇ! ನೀವು ತೀರ್ಥಹಳ್ಳಿಯಿಂದ ಕೊಟ್ಟು ಕಳಿಸಿದ್ದನ್ನೇ ಇಟ್ಟೆ.

ನಾವು ಮಾವನವರನ್ನು ತಾತಂಗ್ ಎನ್ನುತ್ತಿದ್ದೆವು. ಇಲ್ಲಿನವರ ಇಲೊಕಾನೊ ಭಾಷೆಯಲ್ಲಿ ಹಾಗೆಂದರೆ ಅಪ್ಪ. ವಿಗಾನ್ ಊರಿನಲ್ಲಿ ಅವರದು ವಿನೆಗರ್ ವ್ಯಾಪಾರ. ಕಬ್ಬಿನ ಹಾಲನ್ನು ಕುದಿಸಿ, ಆರಿಸಿ, ಸಮಕ್ ಮರದ ಎಲೆ ಹಾಕಿ ಬುರ್ನಾಯ್ ಎಂಬ ಮಣ್ಣಿನ ಗುಡಾಣಗಳಲ್ಲಿ ತುಂಬಿಡುತ್ತಾರೆ. ಅದು ಮೊದಲು ಬಾಸಿಯಾಗುತ್ತದೆ. ಇನ್ನೂ ಬಿಟ್ಟರೆ ಹುಳಿಯೇರಿ ವಿನೆಗರ್ ಆಗುತ್ತದೆ. ತಾತಂಗ್ ಗುಡಾಣಕ್ಕೆ ಕಿವಿಯಾನಿಸಿ ಒಳಗಿನ ಗುಳುಗುಳು ಸದ್ದು ಕೇಳುತ್ತಿದ್ದರು. ಸದ್ದು ನಿಲ್ಲುವವರೆಗೆ ಎಷ್ಟೇ ದೊಡ್ಡ ಗಿರಾಕಿ ಬಂದರೂ ಮುಚ್ಚಳ ತೆಗೆಯುತ್ತಿರಲಿಲ್ಲ. ಮನೆಯಲ್ಲಿ ಬಾಸಿ ಮಾಡಬಾರದೆಂದು ಆಗ ಇಲ್ಲಿ ಆಳುತ್ತಿದ್ದ ಸ್ಪೇನಿನ ಸರ್ಕಾರ ತಡೆದಾಗ ಈ ಸೀಮೆಯವರು 1807ರಲ್ಲಿ ದಂಗೆ ಎದ್ದಿದ್ದರು. ಆ ಕಥೆ ಹೇಳುವಾಗ ಮಾತ್ರ ಅವರ ದನಿ ಏರುತ್ತಿತ್ತು.

ಇಲೊಕಾನೊ ಜನರೆಂದರೆ ಜಿಪುಣರು ಎಂದು ಫಿಲಿಪೀನ್ಸ್‌ನಲ್ಲೆಲ್ಲ ಹೇಳುವುದುಂಟು. ತಾತಂಗ್‌ಗೂ ಆ ಹೆಸರಿತ್ತು. ಗೋಣಿ ಬಿಚ್ಚಿದ ದಾರವನ್ನು ಸುತ್ತಿಡುತ್ತಿದ್ದರು, ಔಷಧಿ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನೂ ಹೊಸದರಲ್ಲಿ ನಿಮ್ಮೆದುರು ದೂರಿದ್ದೆ, ನೆನಪಿದೆಯೇ? ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಶವ ಮನೆಯಲ್ಲಿದ್ದ ಅಷ್ಟೂ ದಿನ ಅಂಗಳದಲ್ಲಿ ಸೌದೆಯ ಬೆಂಕಿ ಆರದಂತೆ ನೋಡಿಕೊಂಡೆವು. ರಾತ್ರಿ ವಯಸ್ಸಾದ ಹೆಂಗಸರು ಒಬ್ಬೊಬ್ಬರಾಗಿ ಬಂದು ದುಂಗ್‌ಆವ್ ಹಾಡಿದರು. ಸತ್ತವರೊಡನೆಯೇ ಮಾತನಾಡುತ್ತಾ ಅಳುವ ಹಾಡು ಅದು. ನಮ್ಮ ಕಡೆಯ ಅಜ್ಜಿಯರು ಹಾಡಿಕೊಂಡು ಅಳುತ್ತಿದ್ದರಲ್ಲ, ಹಾಗೆಯೇ. ಕುಂಬಾರರ ಮನೆಯ ಅಜ್ಜಿಯೊಬ್ಬರು ಶವಪೆಟ್ಟಿಗೆ ಹಿಡಿದುಕೊಂಡು, "ಭಟ್ಟಿ ಕುಸಿದ ವರ್ಷ ನೀನು ಕೊಟ್ಟ ಹಣವನ್ನು ನಾನಿನ್ನೂ ತೀರಿಸಿಲ್ಲ, ನೀನೇಕೆ ಒಮ್ಮೆಯೂ ಕೇಳಲಿಲ್ಲ, ಈಗ ಯಾರ ಕೈಗೆ ಕೊಡಲಿ" ಎಂದು ಹಾಡಿದರು. ನನ್ನ ಗಂಡ ಪಿಸುದನಿಯಲ್ಲಿ ಅರ್ಥ ಹೇಳುತ್ತಿದ್ದವರು ಅಲ್ಲಿಗೆ ನಿಲ್ಲಿಸಿಬಿಟ್ಟರು. ಆ ಸಾಲದ ಸುದ್ದಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಇನ್ನಿಬ್ಬರು ಹೆಂಗಸರು ಅಂಥದ್ದನ್ನೇ ಹಾಡಿದರು. ಅತ್ತೆ ಮಾತ್ರ ತಲೆಯಾಡಿಸುತ್ತಾ ಕುಳಿತಿದ್ದರು.

ಮಣ್ಣು ಮಾಡಿದ ಮರುದಿನ ನದಿಗೆ ಹೋದೆವು. ಗುಲ್‌ಗೊಲ್ ಎಂದು, ಮನೆಯವರೆಲ್ಲ ತಲೆ ತೊಳೆದುಕೊಂಡು ಸೂತಕ ಕಳೆಯುವ ದಿನ. ಭತ್ತದ ಹುಲ್ಲು ಸುಟ್ಟ ಬೂದಿಯ ನೀರು, ಮೇಲೆ ಬಾಸಿ. ಆ ಬಾಸಿ ತಾತಂಗ್ ತಾವೇ ತುಂಬಿ, ಇನ್ನೂ ಬಾಯಿ ತೆಗೆಯದೆ ಇಟ್ಟಿದ್ದ ಗುಡಾಣದ್ದು. ಅತ್ತೆ ಮೊದಲು ಮಕ್ಕಳ ನೆತ್ತಿಗೆ ಹೊಯ್ದರು, ಆಮೇಲೆ ನನ್ನನ್ನು ಹತ್ತಿರ ಕರೆದರು. ದೊಡ್ಡಮ್ಮ, ಎರಡು ದಿನ ಕಳೆದರೂ ನನ್ನ ಕೂದಲಿನಲ್ಲಿ ಆ ಕಬ್ಬಿನ ಹುಳಿ ವಾಸನೆ ಹಾಗೆಯೇ ಇದೆ.