ಎರಡಡಿ ಟ್ಯಾಂಕಾ, ನಾಲ್ಕಡಿ ಟ್ಯಾಂಕಾ? ಯಾವುದಕ್ಕೆ ಕೆಲಸ ಕಡಿಮೆ? (ಉಪ್ಪುನೀರಿನ ಟ್ಯಾಂಕ್ ಗುಂಪಿನ ಮಾತುಕತೆ; ಊರಿನ ಹೆಸರು ಅಂದರೆ ಆ ಊರಿನ ಸದಸ್ಯರು)

ಕೋಡಿಬಾಗ: ಸರ್, ಹವಳ ಸಾಕುವ ಆಸೆ. ದಿನಕ್ಕೆ ಹದಿನೈದು ನಿಮಿಷ, ಭಾನುವಾರ ಒಂದು ಗಂಟೆ ಸಿಗುತ್ತದೆ. 60 ಲೀಟರಿನ ಎರಡಡಿ ಟ್ಯಾಂಕ್ ಸಾಕಲ್ವಾ? ಚಿಕ್ಕದಾದ್ರೆ ಕೆಲಸವೂ ಚಿಕ್ಕದು.

ಟ್ಯಾಂಕ್ ಸರ್ವಿಸ್, ಕಾರವಾರ: ಕೆಲಸ ಚಿಕ್ಕದು, ಆದರೆ ರಜೆ ಇಲ್ಲ. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸುವುದು ಅಂತಿಟ್ಟುಕೊಳ್ಳಿ. 60 ಲೀಟರಿಗೆ ಆರು ಲೀಟರ್, ಒಂದು ಬಕೆಟ್ ಕೂಡ ಆಗುವುದಿಲ್ಲ. ನಾಲ್ಕಡಿಯ 300 ಲೀಟರಿಗೆ ಮೂವತ್ತು ಲೀಟರ್, ಒಂದು ಕಿಲೋ ಮೇಲೆ ಉಪ್ಪು, ಸೊಂಟ ನೋವು ಬೇರೆ. ಆದರೆ ದೊಡ್ಡದು ಎರಡು ದಿನ ನೋಡದಿದ್ದರೂ ತಡೆಯುತ್ತದೆ. ಚಿಕ್ಕದರಲ್ಲಿ ಒಂದು ಬಸವನಹುಳು ಸತ್ತು ಕೊಳೆತರೂ ಸಾಕು, ನೀರು ಕೆಟ್ಟಿತು. ನಿಮಗೆ ಮೂರಡಿ ಸರಿ.

ಶಿರಸಿ: ನನ್ನದೂ 60 ಲೀಟರೇ. ಹತ್ತು ದಿನದಿಂದ ಹವಳ ಅರಳುತ್ತಿಲ್ಲ. ದಿನಾ ಒಂದು ಲೀಟರ್ ಆರುತ್ತದೆ, ಅಷ್ಟೇ ಉಪ್ಪುನೀರು ಕಲಸಿ ಹಾಕುತ್ತಿದ್ದೇನೆ. ಉಪ್ಪಿನಂಶ ಅಳೆಯುವ ಹೈಡ್ರೋಮೀಟರಿನ ಮುಳ್ಳು ಸರಿಯಾಗೇ ಇದೆ.

ಟ್ಯಾಂಕ್ ಸರ್ವಿಸ್: ಅಯ್ಯೋ, ನಿಲ್ಲಿಸಿ ಮಾರಾಯ್ರೆ! ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಸಾರು ಬತ್ತಿದರೆ ಉಪ್ಪಾಗುವುದಿಲ್ವಾ? ಅದಕ್ಕೆ ಇನ್ನೂ ಉಪ್ಪು ಹಾಕಿದ್ದೀರಿ. ಲೀಟರಿಗೆ 35 ಗ್ರಾಂ, ಹತ್ತು ದಿನಕ್ಕೆ 350 ಗ್ರಾಂ ಹೆಚ್ಚು. 300 ಲೀಟರಿನಲ್ಲಿ ಇದು ಒಂದು ಪಾಯಿಂಟ್ (ಲೀಟರಿಗೆ ಒಂದು ಗ್ರಾಂ) ಚಿಲ್ಲರೆ ಏರಿಕೆ. ನಿಮ್ಮದರಲ್ಲಿ ಆರರ ಹತ್ತಿರ. ಟ್ಯಾಂಕಿನ ಸೈಜ್ ಅಂದರೆ ಇದೇ. ಆ ಮುಳ್ಳನ್ನು ನಂಬಬೇಡಿ. ಅದರ ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ಭಾರವಾಗಿ ಕಡಿಮೆ ತೋರಿಸುತ್ತದೆ. ಬೆಳಕಿನ ಬಾಗುವಿಕೆಯಿಂದ ಉಪ್ಪು ಅಳೆಯುವ ರಿಫ್ರ್ಯಾಕ್ಟೊಮೀಟರಿನಲ್ಲಿ ನೋಡಿ ಹೇಳಿ. ಆರಿದಷ್ಟಕ್ಕೆ ಇನ್ನು ಆರ್‌ಒ ನೀರು ಮಾತ್ರ.

ಅಂಕೋಲಾ: ಒಂದಡಿ ಟ್ಯಾಂಕಿಗೆ ಕೆಲಸ ಇನ್ನೂ ಕಡಿಮೆ ಅಲ್ವಾ ಸರ್?

ಟ್ಯಾಂಕ್ ಸರ್ವಿಸ್: ಅಲ್ಲ. ಮೇಲೆ ಓದಿ.

ಭಟ್ಕಳ: ಫಾರ್ವರ್ಡ್ ಬಂದಿದೆ: ಮೀನಿಗೆ ಬಿಳಿ ಚುಕ್ಕೆ ಬಂದರೆ ತಾಮ್ರದ ನಾಣ್ಯ ಹಾಕಿ, ಅಕ್ವೇರಿಯಂ ಅಂಗಡಿಯ ಉಪ್ಪಿನ ಬದಲು ಸಾಣಿಕಟ್ಟಾ ಗದ್ದೆಯ ಉಪ್ಪು ಕಲಸಿ.

ಟ್ಯಾಂಕ್ ಸರ್ವಿಸ್: ತಾಮ್ರ ಹಾಕಿದರೆ ಹವಳ, ಸಿಗಡಿ, ಬಸವನಹುಳು ಎಲ್ಲ ಸಾಯುತ್ತವೆ. ಇಂಥದ್ದನ್ನು ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಟ್ಯಾಂಕಿಗೇ ಹಾಕಿ ನೋಡಿ. ಗದ್ದೆ ಉಪ್ಪೂ ಆಗುವುದಿಲ್ಲ.

ಕುಮಟಾ: ಸಾಣಿಕಟ್ಟಾ ಉಪ್ಪಿಗೆ ಏನಾಗಿದೆ? ಅದೂ ಸಮುದ್ರದ್ದೇ. ನಮ್ಮ ಮನೆ ಉಪ್ಪಿನಕಾಯಿ ಅದರಲ್ಲೇ.

ಟ್ಯಾಂಕ್ ಸರ್ವಿಸ್: ಉಪ್ಪಿನಕಾಯಿಗೆ ಚಿನ್ನದಂಥ ಉಪ್ಪು. ಗದ್ದೆಯಲ್ಲಿ ನೀರು ಬತ್ತುವಾಗ ಕ್ಯಾಲ್ಸಿಯಂ ಮೊದಲೇ ಕೆಳಗೆ ಕೂರುತ್ತದೆ, ಮೆಗ್ನೀಸಿಯಂ ಹೆಚ್ಚಿನದು ಉಳಿದ ಕಹಿನೀರಿನಲ್ಲಿ ಹೋಗುತ್ತದೆ. ಹವಳಕ್ಕೆ ಬೇಕಾದದ್ದು ಅವೆರಡೂ.

ಕೋಡಿಬಾಗ: ಹಾಗಾದ್ರೆ ನಮ್ಮ ಕಡಲ ನೀರನ್ನೇ ತಂದರೆ? ಮನೆಯೆದುರೇ ಇದೆ.

ಬೈತಖೋಲ್: ಅಲ್ಲಿ ಕಾಳಿ ನದಿ ಬಂದು ಸೇರುತ್ತದೆ ಮಾರಾಯ್ರೆ. ಮಳೆಗಾಲದಲ್ಲಿ ಸಪ್ಪೆ ನೀರು, ಕೆಸರು.

ಕೋಡಿಬಾಗ: ನಿಮ್ಮ ಬಂದರಿನಲ್ಲಿ ಬೋಟಿನ ಡೀಸೆಲ್ ತೇಲುತ್ತದಲ್ಲ, ಅದು ಗಂಗಾಜಲವಾ?

ಬೈತಖೋಲ್: ಬಂದರಿನ ನೀರು ತನ್ನಿ ಅಂತ ಯಾರು ಹೇಳಿದರು? ಮೊದಲು ಓದಲು ಕಲಿಯಿರಿ.

ಹೊನ್ನಾವರ: ಕರೆಂಟ್ ಹೋದಾಗ ಬ್ಯಾಟರಿ ಪಂಪ್ ಎಷ್ಟು ಹೊತ್ತು ಬರುತ್ತದೆ?

ಮುರ್ಡೇಶ್ವರ: ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಒಂದು ತುಂಡು ಹವಳ ತಂದರೆ ಯಾರಿಗೆ ಗೊತ್ತಾಗುತ್ತದೆ?

ಟ್ಯಾಂಕ್ ಸರ್ವಿಸ್: ಈಗ ಇಡೀ ಗುಂಪಿಗೆ ಗೊತ್ತಾಯಿತು. ಕಲ್ಲುಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಮುಟ್ಟಬೇಡಿ.

ಅಂಕೋಲಾ: ಒಂದಡಿಗೆ ಒಂದೇ ಮೀನು ಬಿಟ್ಟರೆ?

ಟ್ಯಾಂಕ್ ಸರ್ವಿಸ್: ಮೇಲೆ. ಓದಿ.

ಶಿರಸಿ: ಸರ್, ಪಕ್ಕದ ಊರಿನಿಂದ ರಿಫ್ರ್ಯಾಕ್ಟೊಮೀಟರ್ ತಂದೆ. 41 ಬಂತು. ಮುಳ್ಳು ಈಗಲೂ 35 ತೋರಿಸುತ್ತಿದೆ. ಅರ್ಧ ನೀರು ತೆಗೆದು ಸಿಹಿನೀರು ಸುರಿಯಲಾ?

ಟ್ಯಾಂಕ್ ಸರ್ವಿಸ್: ಬೇಡ ಬೇಡ. ಇವತ್ತು ಎರಡು ಲೀಟರ್ ತೆಗೆದು, ಎರಡು ಲೀಟರ್ ಆರ್‌ಒ ನೀರು ನಿಧಾನ ಹಾಕಿ. ನಾಳೆ ಎರಡು. ಹೀಗೆ ನಾಲ್ಕು ದಿನ ಮಾಡಿದರೆ 36ರ ಹತ್ತಿರ ಬರುತ್ತದೆ. ಗಾಜಿನ ಮೇಲೆ ಈಗಿನ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಆ ಗೆರೆ ನೋಡಿ. ನಾಡಿದ್ದು ಸಂಜೆ ಮತ್ತೆ ಅಳೆದು ಇಲ್ಲೇ ಹಾಕಿ.