ಸಹಾಯ ಬೇಕು: ಭಾರದ ಕ್ಯಾಂಪರ್ ವ್ಯಾನ್‌ಗೆ ಎಕ್ಸ್‌ಟ್ರಾ ಲೀಫಾ, ಸ್ಪ್ರಿಂಗಿಗೆ ನೆರವಾಗುವ ಗಾಳಿ ಚೀಲ, ಅಂದರೆ ಏರ್ ಬ್ಯಾಗಾ?

ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಇರುವ ವ್ಯಾನ್. 100 ಲೀಟರ್ ನೀರಿನ ಟ್ಯಾಂಕ್, ಬ್ಯಾಟರಿ ಎರಡೂ ಎಡಗಡೆ, ಆಕ್ಸಲ್‌ನ ಹಿಂದೆ. ವೇಬ್ರಿಡ್ಜ್ ಮೇಲೆ ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ತೂಗಿದರೆ 1,780 ಕೆಜಿ. ಪ್ಲೇಟ್ ಮೇಲಿನ ಆಕ್ಸಲ್ ಮಿತಿ 1,900. ಮಿತಿಯೊಳಗಿದ್ದರೂ ಆಕ್ಸಲ್ ಮೇಲೆ ಬಂದು ಬಡಿಯದಂತೆ ತಡೆಯುವ ರಬ್ಬರ್ ಬಂಪ್ ಸ್ಟಾಪ್‌ಗೂ ಆಕ್ಸಲ್‌ಗೂ ನಡುವೆ ಒಂದು ಬೆರಳು ತೂರುವಷ್ಟೇ ಜಾಗ, ರಬ್ಬರಿನ ತುದಿ ಬಡಿದು ಬಡಿದು ನುಣ್ಣಗಾಗಿದೆ. ಶಾಕ್ ಅಬ್ಸಾರ್ಬರ್ ಹೊಸದು. ಅದು ಕುಲುಕಾಟ ತಡೆಯುತ್ತೆ, ಭಾರ ಹೊರಲ್ಲ, ಹಾಗಾಗಿ ದಯವಿಟ್ಟು ಅದನ್ನು ಬದಲಿಸಿ ಅನ್ನಬೇಡಿ.

ಲೀಫ್ ಸೇರಿಸಿದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಉದ್ದದ್ದು, ಹೊಸದು ಬೇಕೇ ಬೇಕು (ಹಳೆಯದು ಎಳೆದುಕೊಂಡಿರುತ್ತೆ), ಸ್ವಲ್ಪ ಓಡಿಸಿದ ಮೇಲೆ ಮತ್ತೆ ಟಾರ್ಕ್ ಮಾಡಬೇಕು (ನಿಗದಿತ ಅಳತೆಗೆ ಬಿಗಿಯಬೇಕು). ಖಾಲಿ ಇದ್ದಾಗ ಗಡಸು ಜಾಸ್ತಿ. ಏರ್ ಬ್ಯಾಗ್‌ಗೆ ಎಡ-ಬಲ ಬೇರೆ ಬೇರೆ ಪೈಪ್ ಕೊಟ್ಟರೆ ಎಡಕ್ಕೆ ವಾಲುವುದೂ ಸರಿಹೋಗುತ್ತೆ. ಒಂದೇ ಪೈಪಾದರೆ ತಿರುವಿನಲ್ಲಿ ಗಾಳಿ ಆ ಕಡೆ ಈ ಕಡೆ ಹರಿದು ವಾಲಿಕೆ ಹೆಚ್ಚುತ್ತೆ. ನನ್ನ ಒಲವು ಏರ್ ಬ್ಯಾಗ್ ಕಡೆಗೇ.

ನಿಜವಾದ ಚಿಂತೆ ಬ್ರೇಕಿನದು. ಆಕ್ಸಲ್‌ಗೆ ರಾಡ್ ಕಟ್ಟಿರುವ ಲೋಡ್ ಸೆನ್ಸಿಂಗ್ ವಾಲ್ವ್ (ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್) ಇದೆ. ಹಿಂಭಾಗ ಎತ್ತಿದರೆ ವ್ಯಾನ್ ಖಾಲಿ ಎಂದುಕೊಂಡು ಹಿಂದಿನ ಬ್ರೇಕ್ ಒತ್ತಡ ಕಡಿಮೆ ಮಾಡುತ್ತೆ. 40 ಮಿಮೀ ಎತ್ತಿದವರು ರಾಡ್ ಹೇಗೆ ಹೊಂದಿಸಿದಿರಿ? ಪ್ರೆಶರ್ ಗೇಜ್ ಹಾಕಿ ನೋಡಿದಿರಾ? ಅಳತೆ ಸಮೇತ ತಿಳಿಸಿ.