ಬ್ಯಾಟರಿಗೆ ಬಂದ ತಕ್ಷಣ ಲ್ಯಾಪ್‌ಟಾಪ್ ಟೈಮ್ ಹಿಂದೆ ಬೀಳ್ತಿದೆ, ಯಾರಿಗಾದ್ರೂ ಹಿಂಗಾಗಿದ್ಯಾ?

ಹಳೇಪೆಟ್ಟಿಗೆ: ಲಿನಕ್ಸ್ ಇರೋ ಹಳೇ ಲ್ಯಾಪ್‌ಟಾಪ್. ಚಾರ್ಜರ್ ಇದ್ರೆ ಟೈಮ್ ಸರಿ. ವೈರ್ ಕಿತ್ರೆ ಪ್ರೊಸೆಸರ್ 1.6 ಗಿಗಾಹರ್ಟ್ಸ್‌ನಿಂದ 800 ಮೆಗಾಹರ್ಟ್ಸ್‌ಗೆ ಇಳಿಯತ್ತೆ, ಒಂದು ಗಂಟೆ ಕಳೆದ್ರೂ ಗಡಿಯಾರದಲ್ಲಿ ಅರ್ಧ ಗಂಟೆನೇ. ಏನ್ ಮಾಡಿದ್ರಿ?

ಸ್ಕ್ರೂಡ್ರೈವರ್: ನಾನು ಬಯಾಸ್ (ಮಷೀನ್ ಆನ್ ಮಾಡಿದ್ರೆ ಮೊದಲು ಓಡೋ, ಬೋರ್ಡಲ್ಲೇ ಇರೋ ಸಾಫ್ಟ್‌ವೇರ್) ಸೆಲ್ ಸತ್ತಿದೆ ಅನ್ಕೊಂಡು 13 ಸ್ಕ್ರೂ ಬಿಚ್ಚಿ ಕೀಬೋರ್ಡ್ ಎತ್ತಿ ಹೊಸಾ ಸಿಆರ್2032 ಬಟನ್ ಸೆಲ್ ಹಾಕ್ದೆ, ಎತ್ತೋವಾಗ ರಿಬ್ಬನ್ ಕೇಬಲ್ ಲಾಕ್ ಮುರೀತು, ವಾಪಸ್ ಜೋಡಿಸಿದ್ಮೇಲೆ 2 ಸ್ಕ್ರೂ ಉಳ್ಕೊಂಡ್ವು, ಈಗ ಸ್ಪೇಸ್‌ಬಾರ್ ಬಲತುದೀಲಿ ಒತ್ತಿದ್ರೆ ಮಾತ್ರ ಕೆಲಸ ಮಾಡತ್ತೆ. ಟೈಮ್ ಮಾತ್ರ ಹಾಗೇ.

ಟಿಕ್‌ಟಿಕ್: ಸೆಲ್ ಇರೋದು ಮಷೀನ್ ಆಫ್ ಇದ್ದಾಗ ಟೈಮ್ ಕಾಯೋಕೆ ಮಾರಾಯ್ರೆ. ಓಡ್ತಿರುವಾಗ ಲೆಕ್ಕ ಹಾಕೋದು ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು. ನಂದು ಉಲ್ಟಾ ಕೇಸು: ಬ್ಯಾಟರೀಲಿ ಬೂಟ್ ಮಾಡಿ ಚಾರ್ಜರ್ ಚುಚ್ಚಿದ್ರೆ ಗಡಿಯಾರ ಡಬಲ್ ಸ್ಪೀಡು, ಪಾಸ್‌ವರ್ಡ್ ಹೊಡೆಯೋವಾಗ ಒಂದಕ್ಷರ ಒತ್ತಿದ್ರೆ ಮೂರು ಬೀಳೋದು. ಮೂರು ವಾರ ಕೀಬೋರ್ಡನ್ನ ಬೈದೆ. ಕೊನೆಗೆ ಗೊತ್ತಾಗಿದ್ದು, ಬೂಟಲ್ಲಿ ಟಿಎಸ್‌ಸಿ (ಪ್ರೊಸೆಸರ್ ಒಳಗೆ ಟಿಕ್ ಎಣಿಸೋ ಕೌಂಟರ್) ಸ್ಪೀಡ್ ಅಳೆದಿಟ್ಕೊಂಡ ಕರ್ನಲ್‌ಗೆ ಒಂದ್ಮಾತೂ ಹೇಳದೆ ಬಯಾಸ್ ಸ್ಪೀಡ್ ಬದಲಾಯಿಸ್ತಿತ್ತು. ಬೂಟ್ ಲೈನಿಗೆ ಕ್ಲಾಕ್‌ಸೋರ್ಸ್ ಎಸಿಪಿಐ ಪಿಎಂ ಅಂತ ಸೇರಿಸ್ದೆ, ಅಂದ್ರೆ ಟಿಎಸ್‌ಸಿ ಬಿಟ್ಟು ಆ ಬೇರೆ ಟೈಮರ್ ನೋಡು ಅಂತ, ಮುಗೀತು. ಅದು 3.579545 ಮೆಗಾಹರ್ಟ್ಸಲ್ಲೇ ಓಡತ್ತೆ, ಪ್ರೊಸೆಸರ್ ಏನಾದ್ರೂ ಮಾಡ್ಕೊಳ್ಲಿ.

ನೆಟ್‌ಟೈಮ್: ಇಷ್ಟೆಲ್ಲಾ ಯಾಕೆ? ಎನ್‌ಟಿಪಿ (ಇಂಟರ್ನೆಟ್‌ನಿಂದ ಟೈಮ್ ತಂದು ಸರಿಮಾಡೋದು) ಹಾಕಿ ಸುಮ್ನಿರಿ. ನಾನು ವರ್ಷಗಟ್ಲೆ ಅದನ್ನೇ ನಂಬಿದೀನಿ.

ಟಿಕ್‌ಟಿಕ್: ನಂಬಿ, ಆದ್ರೆ ಇನ್ನೊಬ್ರಿಗೆ ಹೇಳ್ಬೇಡಿ. ಆ ಎನ್‌ಟಿಪಿ ಪ್ರೋಗ್ರಾಮ್ ಎನ್‌ಟಿಪಿಡಿ ಮೆಲ್ಲಗೆ ಸರಿಮಾಡೋದು 500 ಪಿಪಿಎಂ (ಹತ್ತು ಲಕ್ಷಕ್ಕೆ 500) ತನಕ, ಅಂದ್ರೆ ದಿನಕ್ಕೆ 43 ಸೆಕೆಂಡು. ಇಲ್ಲಿ ಗಂಟೆಗೆ ಅರ್ಧ ಗಂಟೆ ಹೋಗ್ತಿದೆ!

ನೆಟ್‌ಟೈಮ್: ಕ್ರಾನಲ್ಲಿ (ಹೇಳಿದ ಟೈಮಿಗೆ ಕೆಲಸ ಓಡಿಸೋ ಪ್ರೋಗ್ರಾಮ್) ಹತ್ತು ನಿಮಿಷಕ್ಕೊಂದ್ಸಲ ಸೆಟ್ ಮಾಡಿದ್ರಾಯ್ತಪ್ಪ.

ಟಿಕ್‌ಟಿಕ್: ಕ್ರಾನ್ ನೋಡೋದೂ ಅದೇ ಕೆಟ್ಟ ಗಡಿಯಾರನ ಅಲ್ವೇನ್ರೀ! ನಾನೂ ಮಾಡಿದ್ದೆ. ಮುಂದೆ ಓಡಿದ್ದ ಟೈಮ್ ಹಿಂದಕ್ಕೆ ಹಾರಿ, ಫೈಲ್ ಭವಿಷ್ಯದಲ್ಲಿದೆ ಅಂತ ಮೇಕ್ (ಕೋಡಿಂದ ಪ್ರೋಗ್ರಾಮ್ ಕಟ್ಟೋ ಟೂಲ್) ಗೋಳಾಡೋದು.

ಫುಲ್‌ಸ್ಪೀಡ್: ನಾನಂತೂ ಬಯಾಸಲ್ಲಿ ಪ್ರೊಸೆಸರ್ ಸ್ಪೀಡ್ ಇಳಿಸೋ ಸ್ಪೀಡ್‌ಸ್ಟೆಪ್ಪೇ ಆಫ್ ಮಾಡ್ಬಿಟ್ಟೆ. ಎರಡೂಕಾಲು ಗಂಟೆ ಬರ್ತಿದ್ದ ಬ್ಯಾಟರಿ ಈಗ 1 ಗಂಟೆ 20 ನಿಮಿಷ, ತೊಡೆ ಸುಡತ್ತೆ, ಟೈಮ್ ಮಾತ್ರ ಪಕ್ಕಾ.

ನೆಟ್‌ಟೈಮ್: ಗೋಡೆ ಗಡಿಯಾರ ತಗೋಬೋದಿತ್ತು.

ಫುಲ್‌ಸ್ಪೀಡ್: ನಿಮ್ ಕ್ರಾನ್‌ಗಿಂತ ವಾಸಿ ಬಿಡಿ.

ಹಳೇಪೆಟ್ಟಿಗೆ: ಎಸಿಪಿಐ ಪಿಎಂ ಹಾಕ್ದೆ, ವೈರ್ ಕಿತ್ತು 40 ನಿಮಿಷ ಆಯ್ತು, ಫೋನಿಗೂ ಇದಕ್ಕೂ ಒಂದು ಸೆಕೆಂಡೂ ವ್ಯತ್ಯಾಸ ಇಲ್ಲ. ಇದರಿಂದ ನಿಧಾನ ಆಗಲ್ವಾ?

ಟಿಕ್‌ಟಿಕ್: ಟೈಮ್ ಓದೋದು ಟಿಎಸ್‌ಸಿಗಿಂತ ನಿಧಾನನೇ, ನಿಮ್ಮ ಕೆಲಸಕ್ಕೆ ಗೊತ್ತಾಗಲ್ಲ. ಸಿಪಿಯು ಮಾಹಿತೀಲಿ ಕಾನ್‌ಸ್ಟಂಟ್ ಟಿಎಸ್‌ಸಿ (ಪ್ರೊಸೆಸರ್ ಸ್ಪೀಡ್ ಬದಲಾದ್ರೂ ಒಂದೇ ಸಮ ಓಡೋದು) ಅಂತ ಬರೋ ಹೊಸ ಮಷೀನಿಗೆ ಇದು ಬೇಡ.

ಸ್ಕ್ರೂಡ್ರೈವರ್: ಆ ರಿಬ್ಬನ್ ಲಾಕ್ ಬಿಡಿಯಾಗಿ ಸಿಗತ್ತಾ ಯಾರಿಗಾದ್ರೂ ಗೊತ್ತಾ?